ಮನೆಯ ಹಿಂದಿನ ಡೀಸೆಲ್ ಬ್ಯಾರೆಲ್ಲು

ಮನೆಯಲ್ಲಿ ಡೀಸೆಲ್ ತಂದಿಟ್ಟುಕೊಂಡರೆ ಪೊಲೀಸರು ಹಿಡಿದುಕೊಂಡು ಹೋಗ್ತಾರೆ ಅಂತ ನಂಬಿರುವವರು ನಮ್ಮಲ್ಲಿ ಬಹಳ ಜನ. ಇನ್ನು ಕೆಲವರದ್ದು ಇದಕ್ಕೆ ಪೂರ್ತಿ ಉಲ್ಟಾ... "ನಮ್ಮ ದುಡ್ಡು, ನಮ್ಮ ಬ್ಯಾರೆಲ್ಲು, ಕೇಳೋರು ಯಾರು?" ಅನ್ನುವ ಜಾತಿ. ಇಬ್ಬರೂ ಕಾಯಿದೆ ತೆಗೆದು ನೋಡಿದವರಲ್ಲ. ನೋಡಿದರೆ ಅದರೊಳಗೆ ನೂರೈವತ್ತು ವರ್ಷಕ್ಕೂ ಹಿಂದಿನ ಒಂದು ಕಥೆ ಅಡಗಿ ಕೂತಿದೆ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಕಾಯಿದೆಯ ಹೆಸರು ಪೆಟ್ರೋಲಿಯಂ ಆಕ್ಟ್, 1934. ಬ್ರಿಟಿಷರ ಕಾಲದ್ದು, ತಿದ್ದುಪಡಿಗಳ ಸಮೇತ ಇವತ್ತಿಗೂ ಜಾರಿಯಲ್ಲಿದೆ. ಇದರ ಪ್ರಕಾರ ಬಿ ದರ್ಜೆಯ ಎಣ್ಣೆಯನ್ನು (ನಮ್ಮ ಡೀಸೆಲ್ಲು, ಸೀಮೆಎಣ್ಣೆ ಎರಡೂ ಇದರಲ್ಲೇ ಬರುತ್ತವೆ) ಒಂದು ಜಾಗದಲ್ಲಿ 2500 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಯಾವ ಒಂದು ಪಾತ್ರೆಯೂ 1000 ಲೀಟರಿಗಿಂತ ದೊಡ್ಡದಿರಬಾರದು. ಎ ದರ್ಜೆಯ ಪೆಟ್ರೋಲಾದರೆ? ಬರೀ 30 ಲೀಟರ್! ಅದೂ ಬಿಗಿಯಾಗಿ ಮುಚ್ಚಳ ಹಾಕಿದ ಪಾತ್ರೆಯಲ್ಲಿ. ಲೋಹದ್ದಾದರೆ ಒಂದೊಂದು 25 ಲೀಟರ್ ಮೀರಬಾರದು, ಗಾಜಿನದೋ ಪಿಂಗಾಣಿಯದೋ ಆದರೆ 1 ಲೀಟರ್ ಮೀರಬಾರದು. ಮೋಟಾರು ಗಾಡಿ ಇಟ್ಟುಕೊಂಡವರಿಗೆ ಮಾತ್ರ ಗಾಡಿಯ ಟ್ಯಾಂಕಿನಲ್ಲಿರುವುದು ಬಿಟ್ಟು ಇನ್ನೂ 100 ಲೀಟರ್ ತನಕ ಪೆಟ್ರೋಲಿಗೆ ಅವಕಾಶ. ನಾಲ್ಕು ಗಾಡಿ ಇದೆ, 400 ಲೀಟರ್ ಇಡ್ತೀನಿ ಅನ್ನುವ ಹಾಗಿಲ್ಲ. ಎಷ್ಟೇ ಗಾಡಿ ಇದ್ದರೂ ನೂರೇ.

ಇದೆಲ್ಲ ಸ್ವಂತ ಬಳಕೆಯ ಮಾತು. ಮನೆಯಲ್ಲಿಟ್ಟು ಲೀಟರ್ ಲೆಕ್ಕದಲ್ಲಿ ಮಾರಿದರೆ ಅದು ಬೇರೆಯೇ ಅಪರಾಧ. ನಮ್ಮೂರ ಕಡೆಯ ಗೂಡಂಗಡಿಗಳಲ್ಲಿ ಬಾಟಲಿಯಲ್ಲಿ ಪೆಟ್ರೋಲ್ ತೂಗುಹಾಕಿರುತ್ತಾರಲ್ಲ, ಅದು ಯಾವ ಲೆಕ್ಕದಲ್ಲೂ ಸರಿಯಲ್ಲ!

ಪೆಟ್ರೋಲಿಗೆ 30, ಡೀಸೆಲ್ಲಿಗೆ 2500... ಇಷ್ಟು ಅಂತರ ಯಾಕೆ? ಇದಕ್ಕೆ ಉತ್ತರ ದೀಪದ ಎಣ್ಣೆಯಲ್ಲಿದೆ.

1860ರ ಹೊತ್ತಿಗೆ ಅಮೆರಿಕದಿಂದ ಸೀಮೆಎಣ್ಣೆ ಜಗತ್ತಿಗೆಲ್ಲ ಬರಲು ಶುರುವಾಯಿತು. ಆಗ ಮೋಟಾರು ಗಾಡಿ ಇರಲಿಲ್ಲ, ಹಾಗಾಗಿ ಪೆಟ್ರೋಲನ್ನು ಕೇಳುವವರೇ ಇಲ್ಲ. ಸಂಸ್ಕರಿಸುವಾಗ ಸಿಗುವ ಈ ತೆಳು ಎಣ್ಣೆಯನ್ನು ಏನು ಮಾಡುವುದು? ಕೆಲವರು ಅದನ್ನೂ ಸೀಮೆಎಣ್ಣೆಗೇ ಬೆರೆಸಿ ಮಾರಿದರು. (ಕಲಬೆರಕೆ ನಮ್ಮವರ ಆವಿಷ್ಕಾರ ಅಂತ ಯಾರೂ ತಿಳಿಯಬೇಕಾಗಿಲ್ಲ.) ದೀಪ ಹಚ್ಚಿದ ಮನೆಗಳಲ್ಲಿ ಬುರುಡೆ ಸಿಡಿದು ಜನ ಸತ್ತರು. ಎಣ್ಣೆ ಅಪಾಯಕಾರಿಯೋ ಅಲ್ಲವೋ ಅಂತ ಅಳೆಯಲು ಒಂದು ಅಳತೆ ಬೇಕಾಯಿತು. ಎಣ್ಣೆಯನ್ನು ನಿಧಾನವಾಗಿ ಬಿಸಿಮಾಡುತ್ತಾ ಸಣ್ಣ ಜ್ವಾಲೆ ತೋರಿಸುವುದು, ಯಾವ ಉಷ್ಣತೆಯಲ್ಲಿ ಮೇಲಿನ ಆವಿ ಭಗ್ಗೆಂದು ಒಮ್ಮೆ ಹೊತ್ತಿಕೊಳ್ಳುತ್ತದೋ ಅದೇ ಅದರ ಫ್ಲ್ಯಾಶ್ ಪಾಯಿಂಟ್. ಬ್ರಿಟನ್ನಿನಲ್ಲಿ 1862ರಲ್ಲಿ ಕಾಯಿದೆ ಬಂತು. ಮೊದಲ ಅಳತೆಯ ಕ್ರಮ ಅಷ್ಟು ನೆಚ್ಚುವಂತಿರಲಿಲ್ಲ. ಫ್ರೆಡರಿಕ್ ಆಬೆಲ್ ಎಂಬ ರಸಾಯನ ವಿಜ್ಞಾನಿ ಮುಚ್ಚಿದ ಬಟ್ಟಲಿನ ಉಪಕರಣ ಮಾಡಿಕೊಟ್ಟ ಮೇಲೆ 1879ರಲ್ಲಿ 73 ಡಿಗ್ರಿ ಫ್ಯಾರನ್‌ಹೀಟ್ ಗಡಿ ಅಂತ ತೀರ್ಮಾನವಾಯಿತು. ಅದಕ್ಕಿಂತ ಕೆಳಗೆ ಹೊತ್ತಿಕೊಳ್ಳುವುದೆಲ್ಲ ಅಪಾಯಕಾರಿ.

ನಮ್ಮ ಸೆಖೆಯ ದೇಶಕ್ಕೆ ಈ ಗಡಿ 76 ಡಿಗ್ರಿ ಆಯಿತು. 1934ರ ಕಾಯಿದೆಯೂ ಮೊದಲು ಹಾಗೇ ಇತ್ತು, ಅಳತೆ ಗ್ಯಾಲನ್ನಿನಲ್ಲಿ. 1970ರ ತಿದ್ದುಪಡಿಯಲ್ಲಿ ಲೀಟರು, ಸೆಲ್ಸಿಯಸ್ಸು, ಎ-ಬಿ-ಸಿ ದರ್ಜೆಗಳು ಬಂದವು. ಈಗ 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಎ, 23ರಿಂದ 65ರ ಒಳಗಿದ್ದರೆ ಬಿ. ಈ 23 ಎಲ್ಲಿಂದ ಬಂತು ಅಂದುಕೊಂಡಿರಿ? ಆಬೆಲ್ ಸಾಹೇಬರ 73 ಫ್ಯಾರನ್‌ಹೀಟನ್ನು ಸೆಲ್ಸಿಯಸ್ಸಿಗೆ ತಿರುಗಿಸಿ ನೋಡಿ, 22.8 ಬರುತ್ತದೆ. ಲಂಡನ್ನಿನ ದೀಪದ ಬುರುಡೆಗೆ ಮಾಡಿದ ಲೆಕ್ಕ ನಮ್ಮ ಮನೆಯ ಹಿಂದಿನ ಬ್ಯಾರೆಲ್ಲಿಗೂ ಬಂದು ಅಂಟಿಕೊಂಡಿದೆ.

ಎಣ್ಣೆ ಮನೆಗೆ ಬಂದ ಪಾತ್ರೆಯದ್ದು ಇನ್ನೊಂದು ಕಥೆ. ಅಮೆರಿಕದ ಸೀಮೆಎಣ್ಣೆ ಪೂರ್ವದ ದೇಶಗಳಿಗೆ ಬರುತ್ತಿದ್ದದ್ದು ಚೌಕಾಕಾರದ ತಗಡಿನ ಡಬ್ಬಿಗಳಲ್ಲಿ, ಒಂದು ಮರದ ಪೆಟ್ಟಿಗೆಗೆ ಎರಡು ಡಬ್ಬಿ. 1892ರಲ್ಲಿ ಲಂಡನ್ನಿನ ಮಾರ್ಕಸ್ ಸ್ಯಾಮ್ಯುಯೆಲ್ (ಮುಂದೆ ಶೆಲ್ ಕಂಪನಿ ಕಟ್ಟಿದವನು) 'ಮ್ಯೂರೆಕ್ಸ್' ಎಂಬ ಟ್ಯಾಂಕರ್ ಹಡಗಿನಲ್ಲಿ ಎಣ್ಣೆಯನ್ನು ಡಬ್ಬಿಯಿಲ್ಲದೆ ತುಂಬಿಸಿ ಸೂಯೆಜ್ ಕಾಲುವೆ ದಾಟಿಸಿದ. ಖರ್ಚು ಭಾರೀ ಇಳಿಯಿತು. ಎಣ್ಣೆ ಅಗ್ಗ, ಗ್ರಾಹಕರು ತಾವೇ ಪಾತ್ರೆ ತಂದು ತುಂಬಿಸಿಕೊಳ್ಳುತ್ತಾರೆ ಅಂತ ಅವನ ಲೆಕ್ಕಾಚಾರ. ಆದರೆ ಜನ ಬರಲೇ ಇಲ್ಲ! ಅವರಿಗೆ ಎಣ್ಣೆಯಷ್ಟೇ ಡಬ್ಬಿಯೂ ಬೇಕಿತ್ತು. ನೀರು ಹೊರಲು, ಅಕ್ಕಿ ಹಾಕಿಡಲು, ಮಾಡಿಗೆ ತಗಡು ಹೊದಿಸಲು ಎಲ್ಲದಕ್ಕೂ ಅದೇ. ಕೊನೆಗೆ ಸ್ಯಾಮ್ಯುಯೆಲ್ ಹಡಗಿನಲ್ಲಿ ತಗಡು ಕಳಿಸಿ, ಬಂದರುಗಳಲ್ಲೇ ಕೆಂಪು ಡಬ್ಬಿಗಳನ್ನು ಮಾಡಿಸಬೇಕಾಯಿತು. ಖಾಲಿ ಡಬ್ಬಿಯ ಆಸೆ ಏನು ಅಂತ ನಮ್ಮ ಮನೆಗಳ ಅಟ್ಟ ನೋಡಿದವರಿಗೆ ಹೇಳಬೇಕಾಗಿಲ್ಲ.

ಮೋಟಾರು ಬಂದಾಗಲೂ ಮೊದಮೊದಲು ಬಂಕು ಎಂಬುದು ಇರಲಿಲ್ಲ. 1888ರಲ್ಲಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಮಕ್ಕಳನ್ನು ಕೂರಿಸಿಕೊಂಡು ಕಾರು ಓಡಿಸಿಕೊಂಡು ಹೋದಾಗ ದಾರಿಯಲ್ಲಿ ಎಣ್ಣೆ ಕೊಂಡದ್ದು ಔಷಧಿ ಅಂಗಡಿಯಲ್ಲಿ. ಇಂಗ್ಲೆಂಡಿನಲ್ಲೂ ಎರಡು ಗ್ಯಾಲನ್ ಡಬ್ಬಿಗಳಲ್ಲೇ ವ್ಯಾಪಾರ, ಅಲ್ಲಿ ಮೊದಲ ಪೆಟ್ರೋಲ್ ಬಂಕ್ ಬಂದದ್ದು 1919ರಲ್ಲಿ. ಅಂದರೆ ಕಾರು ಇದ್ದವನ ಮನೆಯಲ್ಲಿ ಎಣ್ಣೆ ಇರಲೇಬೇಕು. 1934ರ ಕಾಯಿದೆಯಲ್ಲಿ ಗಾಡಿ ಮಾಲೀಕರಿಗೆ ಆ ಹೆಚ್ಚುವರಿ ವಿನಾಯಿತಿ ಇರುವುದು ಇಂಥ ಕಾಲದಲ್ಲಿ ಹುಟ್ಟಿದ್ದರಿಂದ ಅಂತ ನನ್ನ ಅಭಿಪ್ರಾಯ.

ಎರಡನೇ ಮಹಾಯುದ್ಧ ಬಂತು, 1941ರಲ್ಲಿ ಪೆಟ್ರೋಲಿಗೆ ರೇಷನ್ ಆಯಿತು. ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಎಂಜಿನ್ ಓಡಿಸಿದರು. ಈಗ ತೊಂಬತ್ತು ದಾಟಿದ ಅಜ್ಜಂದಿರನ್ನು ಕೇಳಿ ನೋಡಿ, ಏರು ಬಂದಾಗ ಇಳಿದು ತಳ್ಳಿದ ಕಥೆ ಹೇಳಿಯಾರು. ಅದೇ ಹೊತ್ತಿಗೆ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಬ್ರಿಟಿಷ್ ಸೈನ್ಯ (ನಮ್ಮ ಭಾರತೀಯ ತುಕಡಿಗಳೂ ಅಲ್ಲಿದ್ದವು) ಪೆಟ್ರೋಲ್ ಸಾಗಿಸುತ್ತಿದ್ದದ್ದು ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಿಗಳಲ್ಲಿ. ದಾರಿಯಲ್ಲಿ ಸೋರಿ ಹೋದದ್ದಕ್ಕೆ ಲೆಕ್ಕವಿಲ್ಲ. ಸೈನಿಕರು ಖಾಲಿ ಡಬ್ಬಿಯನ್ನು ಅರ್ಧಕ್ಕೆ ಕತ್ತರಿಸಿ, ಮರಳು ತುಂಬಿ, ಪೆಟ್ರೋಲ್ ಸುರಿದು ಚಹಾ ಕಾಯಿಸುವ ಒಲೆ ಮಾಡಿಕೊಂಡರು. ಜರ್ಮನ್ನರ ಹತ್ತಿರ ಮಾತ್ರ ಅಚ್ಚೊತ್ತಿದ ಉಕ್ಕಿನ 20 ಲೀಟರ್ ಕ್ಯಾನ್ ಇತ್ತು. ಮೂರು ಹಿಡಿ, ಒತ್ತಿದರೆ ಕೂರುವ ಮುಚ್ಚಳ. ಬ್ರಿಟಿಷರು ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಬಂದು ಆಮೇಲೆ ಹಾಗೆಯೇ ತಯಾರಿಸಿದರು. ಜರ್ಮನ್ನರನ್ನು ಅವರು 'ಜೆರ್ರಿ' ಅನ್ನುತ್ತಿದ್ದರಿಂದ ಅದು ಜೆರ್ರಿ ಕ್ಯಾನ್ ಆಯಿತು. ಹಳೆಯ ಜೀಪುಗಳ ಹಿಂಭಾಗದಲ್ಲಿ ಕಟ್ಟಿರುತ್ತಿದ್ದ ಕ್ಯಾನ್ ಇದೇ.

ಡೀಸೆಲ್ ನಮ್ಮ ಹಳ್ಳಿಗಳಿಗೆ ಗಾಡಿಗಾಗಿ ಬಂದದ್ದಲ್ಲ, ನೀರಿಗಾಗಿ ಬಂದದ್ದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಶುರುಮಾಡಿತು. ಹೊಳೆಯಿಂದ ತೋಟಕ್ಕೆ ನೀರೆತ್ತುವ ಪಂಪು, ಅಕ್ಕಿ ಗಿರಣಿ ಎಲ್ಲದಕ್ಕೂ ಡೀಸೆಲ್ ಎಂಜಿನ್. ಅದಕ್ಕಾಗಿ ಸುಮಾರು 200 ಲೀಟರಿನ ಕಬ್ಬಿಣದ ಬ್ಯಾರೆಲ್ಲು ಮನೆಯ ಹಿಂದೆ ಬಂದು ಮಲಗಿತು. ಆಮೇಲೆ ಟ್ರ್ಯಾಕ್ಟರ್ ಬಂತು. 1970ರ ದಶಕದಲ್ಲಿ ಡೀಸೆಲ್ ಜೀಪು, ಆ ದಶಕದ ಕೊನೆಗೆ ಡೀಸೆಲ್ ಅಂಬಾಸಿಡರ್ ಬಂದವು. ಎಣ್ಣೆ ಹೇಗೂ ಮನೆಯಲ್ಲಿದೆ, ಗಾಡಿಗೂ ಅದನ್ನೇ ಹಾಕಿದರಾಯಿತು!

ಮಲೆನಾಡಿನಲ್ಲಿ ಇದು ಶೋಕಿಯಲ್ಲ. ಬಂಕು ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರ. ಆಷಾಢದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಮೂರು ದಿನ ಪೇಟೆಯಿಲ್ಲ. ಹೆರಿಗೆಗೋ ಹಾವು ಕಚ್ಚಿದವರಿಗೋ ಊರಿಗೆಲ್ಲ ಇರುವುದು ಒಂದೇ ಜೀಪು, ಅದರಲ್ಲಿ ಎಣ್ಣೆ ಇರಲೇಬೇಕು. ನಮ್ಮ ಮನೆಯಲ್ಲೂ ಬ್ಯಾರೆಲ್ ಇತ್ತು. ಎರಡು ದಿಮ್ಮಿಯ ಮೇಲೆ ಅಡ್ಡ ಮಲಗಿಸಿ, ಹಿಂದಕ್ಕೆ ತುಸು ಇಳಿಜಾರು ಕೊಟ್ಟಿದ್ದರು. ನೀರು, ಕೆಸರು ಹಿಂದೆ ನಿಲ್ಲಲಿ, ನಲ್ಲಿಗೆ ಬಾರದಿರಲಿ ಅಂತ. ಆಲಿಕೆಯ ಮೇಲೆ ಮೆತ್ತನೆಯ ಚರ್ಮ ಹಾಸಿ ಸೋಸುತ್ತಿದ್ದರು. ಆ ಚರ್ಮ ಡೀಸೆಲ್ ಬಿಡುತ್ತದೆ, ನೀರು ಬಿಡುವುದಿಲ್ಲ. ಎಷ್ಟು ಉಳಿದಿದೆ ಅಂತ ನೋಡಲು ಗೆರೆ ಕೊರೆದ ಅಡಿಕೆ ದಬ್ಬೆ. ಬೀಡಿ ಸೇದುವವರಿಗೆ ಆ ಕಡೆ ಪ್ರವೇಶವಿಲ್ಲ. ಪೈಪನ್ನು ಬಾಯಲ್ಲಿ ಎಳೆದು ಎಣ್ಣೆ ಇಳಿಸುವ ಪದ್ಧತಿ ಮಾತ್ರ ಎಲ್ಲ ಕಡೆ ಇತ್ತು, ಅದು ತೀರಾ ಕೆಟ್ಟದ್ದು. ಡೀಸೆಲ್ ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದ ಒಂದು ಗುಟುಕು ಹೆಚ್ಚು ಅಪಾಯ. ಹತ್ತಿಪ್ಪತ್ತು ರೂಪಾಯಿಯ ಕೈಪಂಪು ಇಟ್ಟುಕೊಳ್ಳಲು ನಮ್ಮವರಿಗೆ ಏನು ಕಷ್ಟವಿತ್ತೋ.

ಮಳೆಗಿಂತ ಹೆಚ್ಚಾಗಿ ಬ್ಯಾರೆಲ್ ತುಂಬಿಸಿದ್ದು ಹೆದರಿಕೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದು ಬೆಲೆ ಏರಿದಾಗ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ಮತ್ತದೇ ಪಾಡು. ಇಂಥ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ತುಂಬಿಸಿಕೊಳ್ಳಲು ಹೊರಟರೆ, ಇಲ್ಲದ ಕೊರತೆಯೂ ಹುಟ್ಟಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 2012ರ ಮಾರ್ಚಿನಲ್ಲಿ ಟ್ಯಾಂಕರ್ ಚಾಲಕರ ಮುಷ್ಕರದ ಸುದ್ದಿ ಬಂದಾಗ ಫ್ರಾನ್ಸಿಸ್ ಮಾಡ್ ಎಂಬ ಮಂತ್ರಿ, ಒಂದು ಕ್ಯಾನಿನಲ್ಲಿ ಸ್ವಲ್ಪ ಎಣ್ಣೆ ಗ್ಯಾರೇಜಿನಲ್ಲಿಟ್ಟುಕೊಳ್ಳಿ ಅಂದುಬಿಟ್ಟರು. ಬಂಕುಗಳಲ್ಲಿ ಮೈಲುದ್ದ ಸಾಲು. ಯಾರ್ಕ್ ಪಟ್ಟಣದಲ್ಲಿ ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಪೆಟ್ರೋಲನ್ನು ಪಾತ್ರೆಯಿಂದ ಪಾತ್ರೆಗೆ ಬಗ್ಗಿಸುವಾಗ ಆವಿಗೆ ಬೆಂಕಿ ಹತ್ತಿ ತೀವ್ರವಾಗಿ ಸುಟ್ಟುಕೊಂಡರು. ಮುಷ್ಕರ ನಡೆಯಲೇ ಇಲ್ಲ.

ನಮ್ಮಲ್ಲಿ ಡೀಸೆಲ್ ಕೂಡಿಡುವುದಕ್ಕೆ ಬೆಲೆಯೂ ಒಂದು ಕಾರಣ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲಿಗೆ 73 ರೂಪಾಯಿ, ಡೀಸೆಲ್ಲಿಗೆ 41. 2013ರ ಜನವರಿಯಲ್ಲಿ ಸರ್ಕಾರ, ಸಗಟಾಗಿ ಕೊಳ್ಳುವವರಿಗೆ ಸಬ್ಸಿಡಿ ಇಲ್ಲ ಅಂದಿತು. ಲೀಟರಿಗೆ ಸುಮಾರು 10 ರೂಪಾಯಿ ಹೆಚ್ಚು. ತಮಾಷೆ ನೋಡಿ, ತಮ್ಮದೇ ಡಿಪೋದಲ್ಲಿ ದೊಡ್ಡ ಟ್ಯಾಂಕ್ ಇಟ್ಟುಕೊಂಡಿದ್ದ ಸಾರಿಗೆ ಸಂಸ್ಥೆಗಳು ಬಸ್ಸುಗಳನ್ನು ಬೀದಿಯ ಬಂಕಿಗೆ ಕಳಿಸತೊಡಗಿದವು! 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಹಿಡಿತವನ್ನೇ ಸರ್ಕಾರ ಬಿಟ್ಟಿತು. 2022ರ ಮಾರ್ಚಿನಲ್ಲಿ, ಉಕ್ರೇನ್ ಯುದ್ಧದ ಹೊತ್ತಿಗೆ, ಸಗಟು ಬೆಲೆ ಒಮ್ಮೆಗೇ ಸುಮಾರು 25 ರೂಪಾಯಿ ಏರಿದಾಗ ಮತ್ತೆ ಅದೇ ನಾಟಕ.

ಈಗ ಕೂಡಿಡಬೇಕೆನ್ನುವವರು ಒಂದು ವಿಷಯ ನೋಡಿಕೊಳ್ಳಬೇಕು. ಇಂಟರ್ನೆಟ್ಟಿನಲ್ಲಿ ಓದುವ ಬಹಳಷ್ಟು ಸಲಹೆ ಅಮೆರಿಕ, ಯುರೋಪಿನವರದ್ದು. ಯುರೋಪಿನ ಡೀಸೆಲ್ಲಿನ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 55 ಡಿಗ್ರಿ ಇರಬೇಕು ಅಂತ ನಿಯಮ. ನಮ್ಮ ಭಾರತೀಯ ಮಾನಕದಲ್ಲಿ ಅದು 35 ಡಿಗ್ರಿ, ಅದೂ ಆಬೆಲ್ ಉಪಕರಣದಲ್ಲೇ ಅಳೆದದ್ದು. ಏಪ್ರಿಲ್ ತಿಂಗಳಲ್ಲಿ ರಾಯಚೂರು, ಕಲಬುರಗಿಯ ತಗಡಿನ ಶೆಡ್ಡಿನೊಳಗೆ ಎಷ್ಟು ಡಿಗ್ರಿ ಇರುತ್ತದೆ? ಡೀಸೆಲ್ಲಿಗೆ ಬೆಂಕಿಕಡ್ಡಿ ಹಾಕಿದರೂ ಹೊತ್ತಲ್ಲ ಅಂತ ಅವರು ಬರೆದದ್ದನ್ನು ನಂಬಿ ಇಲ್ಲಿ ಧೈರ್ಯ ತೋರಿಸಬಾರದು.

ಇನ್ನು, ಹಳೆಯವರ ಹಾಗೆ ವರ್ಷಗಟ್ಟಲೆ ಇಡುವ ಎಣ್ಣೆಯೂ ಇದಲ್ಲ. ಬ್ಯಾರೆಲ್ಲಿನ ಖಾಲಿ ಜಾಗದಲ್ಲಿ ರಾತ್ರಿಯ ತಂಪಿಗೆ ಹನಿ ಕಟ್ಟಿ, ನೀರು ಕೆಳಗೆ ಸೇರುತ್ತದೆ. ನೀರು ಮತ್ತು ಎಣ್ಣೆ ಸೇರುವಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ. ಬಯೋಡೀಸೆಲ್ ಬೆರೆತಿದ್ದರೆ ಇನ್ನೂ ಬೇಗ. ಸತು ಬಳಿದ ಡ್ರಮ್ಮು ಡೀಸೆಲ್ಲಿಗೆ ಕೂಡದು, ಸತು ಕರಗಿ ಎಣ್ಣೆಯನ್ನು ಕೆಡಿಸುತ್ತದೆ. ಹಳೆಯ ಕಿರ್ಲೋಸ್ಕರ್ ಎಂಜಿನ್ನು ಏನು ಕೊಟ್ಟರೂ ಕುಡಿಯುತ್ತಿತ್ತು. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಳ ಇಂಜೆಕ್ಟರುಗಳಿಗೆ ಆ ಹೊಟ್ಟೆಯಿಲ್ಲ. ಒಂದು ಸಲ ಕೆಟ್ಟರೆ ಬರುವ ಬಿಲ್ಲಿನಲ್ಲಿ ಹತ್ತು ಬ್ಯಾರೆಲ್ ಡೀಸೆಲ್ ಬಂದೀತು.

ನಮ್ಮ ಕಡೆ ಈಗ ರಸ್ತೆ ಸುಧಾರಿಸಿ, ಬಂಕೂ ಹತ್ತಿರ ಬಂದು ಬ್ಯಾರೆಲ್ಲುಗಳು ನಿವೃತ್ತಿಯಾಗಿವೆ. ಕೆಲವು ಬಚ್ಚಲಿನ ಹಿಂದೆ ಮಳೆನೀರು ಹಿಡಿಯುತ್ತವೆ, ಕೆಲವು ಕತ್ತರಿಸಿಕೊಂಡು ಒಲೆಯಾಗಿವೆ. (ಕತ್ತರಿಸುವ ಮುಂಚೆ ಚೆನ್ನಾಗಿ ತೊಳೆದು, ನೀರು ತುಂಬಿಸಿಯೇ ಕೆಲಸಕ್ಕೆ ಕೈಹಾಕಬೇಕು, ಖಾಲಿ ಬ್ಯಾರೆಲ್ಲಿನ ಆವಿ ತುಂಬಿದ ಬ್ಯಾರೆಲ್ಲಿಗಿಂತ ಕೆಟ್ಟದ್ದು.) ಅಡಿಕೆಗೆ ಬೋರ್ಡೋ ಕಲಸುವುದಕ್ಕೆ ಮಾತ್ರ ಇವು ಬರುವುದಿಲ್ಲ, ಮೈಲುತುತ್ತ ಕಬ್ಬಿಣವನ್ನು ತಿಂದುಹಾಕುತ್ತದೆ. ಅದಕ್ಕೆ ಎಲ್ಲರೂ ಪೇಟೆಯಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದಿದ್ದಾರೆ.