ದಡ ಸೇರಿದ ಮೇಲೂ ನಿಲ್ಲದ ಓಲಾಟ: ಘಟ್ಟದ ಮೇಲಿನವರಿಗೆ ಕೇಳಬೇಕಾದ ಒಂದು ಪ್ರಶ್ನೆ

ಶಿರಸಿ ತಾಲೂಕಿನ ಹುಲೇಕಲ್ ಸುತ್ತಿನವರು ಕಡಲಿಗೆ ಹೋಗಬೇಕೆಂದರೆ ಸಾಮಾನ್ಯವಾಗಿ ದೇವಿಮನೆ ಘಟ್ಟ ಇಳಿಯಬೇಕು. ವಾಂತಿ ಮಾತ್ರೆ ನುಂಗಿ, ನಿಂಬೆಹಣ್ಣು ಮೂಸುತ್ತ ಕಿಟಕಿ ಪಕ್ಕ ಕೂರುವವರು ಈ ದಾರಿಗೆ ಹೊಸಬರಲ್ಲ. ಘಟ್ಟದ ಈ ಸಂಕಟ ಎಲ್ಲರಿಗೂ ಗೊತ್ತಿರುವುದರಿಂದಲೇ ಅದಕ್ಕೆ ತೀರ ಉಲ್ಟಾ ಆದ ಇನ್ನೊಂದು ಕಾಯಿಲೆ ಗುರುತಿಗೆ ಸಿಗದೆ ಹೋಗಬಹುದು ಎಂಬುದು ಈ ಲೇಖನದ ವಾದ.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬಂದವರಿಗೆ ಅಂದು ರಾತ್ರಿ ಹಾಸಿಗೆಯೇ ಅಲುಗಿದಂತಾದರೆ ಗಾಬರಿಪಡಬೇಕಿಲ್ಲ. 48 ಗಂಟೆ ಕಳೆದರೂ, ದಿನದ ಹೆಚ್ಚು ಹೊತ್ತು ನೆಲ ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ವೈದ್ಯರು ಅದನ್ನು ‘ಮಾಲ್ ದ ದೆಬಾರ್ಕ್‌ಮಾಂ’ ಎನ್ನುತ್ತಾರೆ. ತಿಂಗಳು ದಾಟಿದರೆ ಅದು ಪಟ್ಟುಹಿಡಿದ ಬಗೆ. ಬ್ರೌನ್ ಮತ್ತು ಬಲೋಹ್ ಎಂಬ ಸಂಶೋಧಕರು 1987ರಲ್ಲಿ ಇಂಥ ಆರು ಮಂದಿಯ ವಿವರ ದಾಖಲಿಸಿದರು. ನಡುವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು. ಕಿವಿಯ ಪರೀಕ್ಷೆ, ಎಂಆರ್‌ಐ ಎರಡರಲ್ಲೂ ಸಾಮಾನ್ಯವಾಗಿ ಏನೂ ಕಾಣದು. ಹಾಗಾಗಿ ಪಿತ್ತ, ರಕ್ತಹೀನತೆ, ಕತ್ತಿನ ಸವೆತ, ಕೊನೆಗೆ ಮನಸ್ಸಿನ ಕೊರಗು ಎಂದು ಹಣೆಪಟ್ಟಿ ಬದಲಾಗುತ್ತ ಹೋಗುವುದು ಸುಲಭ.

ದುಬಾರಿ ತಪಾಸಣೆಗೆ ಮೊದಲು ಕೇಳಬೇಕಾದದ್ದು ಇಷ್ಟೇ: ಬಸ್ಸು ಹತ್ತಿದರೆ ಓಲಾಟ ಹೆಚ್ಚಾಗುತ್ತದೆಯೋ, ಕಡಿಮೆಯಾಗುತ್ತದೆಯೋ? ಘಟ್ಟದಲ್ಲಿ ವಾಂತಿ ಮಾಡುವವರಿಗೆ ಇಳಿದ ಮೇಲೆ ಹಾಯೆನಿಸುತ್ತದೆ. ಈ ರೋಗಿಗಾದರೋ ಬಸ್ಸು ಹೊರಟೊಡನೆ ಓಲಾಟ ತಗ್ಗಿ, ನಿಲ್ದಾಣದಲ್ಲಿ ಕಾಲೂರಿದ ಮೇಲೆ ಮರಳುತ್ತದೆ. ತಲೆಸುತ್ತು, ಸಮತೋಲನದ ತೊಂದರೆಗಳ ತಜ್ಞರ ಬಾರಾನಿ ಸಂಘದ 2020ರ ಮಾನದಂಡಗಳಲ್ಲೂ ಈ ಲಕ್ಷಣವಿದೆ. ವಾಂತಿ ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು.

ಇದಕ್ಕೆ ಕಾರಣವೇನು? ತಲೆ ಆಡಿದಾಗ ನೋಟವನ್ನು ಸ್ಥಿರವಾಗಿಡುವ ಕಣ್ಣಿನ ಪ್ರತಿಕ್ರಿಯೆ ಹಡಗಿನ ಚಲನೆಗೆ ಒಗ್ಗಿಹೋಗಿ, ದಡದಲ್ಲಿ ಹಳೆಯ ಸ್ಥಿತಿಗೆ ಮರಳುವುದಿಲ್ಲ ಎಂಬುದು ನ್ಯೂಯಾರ್ಕಿನ ಮಿಂಗ್‌ಜಿಯಾ ದೈ ಮತ್ತು ಸಂಗಡಿಗರ ಊಹೆ. ರೋಗಿಯ ಸುತ್ತ ಪಟ್ಟೆಗಳನ್ನು ಚಲಿಸುವಂತೆ ಮಾಡಿ, ಆತನಿಗೆ ಅನಿಸುವ ಓಲಾಟದ ಲಯದಲ್ಲೇ ತಲೆಯನ್ನು ಎಡಬಲಕ್ಕೆ ವಾಲಿಸುತ್ತ ಅವರು ಚಿಕಿತ್ಸೆ ನೀಡಿದರು. 2014ರ ವರದಿಯಂತೆ 24 ಮಂದಿಯಲ್ಲಿ 17 ಮಂದಿಗೆ ಗಣನೀಯ ಗುಣ ಕಂಡಿತು. ಆದರೆ ಚಿಕಿತ್ಸೆ ಮುಗಿಸಿ ಊರಿಗೆ ಮರಳುವ ಪ್ರಯಾಣದಿಂದಲೇ ಕಾಯಿಲೆ ಮರುಕಳಿಸುವುದೂ ಉಂಟು. ಇಂಥ ಚಿಕಿತ್ಸೆ ಬೆಂಗಳೂರಿನಲ್ಲಿ ಸಿಕ್ಕರೂ ಅಲ್ಲಿಂದ ಶಿರಸಿಗೆ ಸುಮಾರು 400 ಕಿ.ಮೀ. ಹಾಗೆ ಚಿಕಿತ್ಸೆ ಪಡೆದವರು ಅಂದೇ ರಾತ್ರಿ ಬಸ್ ಹಿಡಿಯದೆ ಕೆಲವು ದಿನ ಅಲ್ಲೇ ಉಳಿದು, ಆಮೇಲೆ ದಾರಿಯಲ್ಲಿ ಅಲ್ಲಲ್ಲಿ ಇಳಿದು ನಡೆಯುತ್ತ ಊರು ಸೇರುವುದು ಲೇಸೆಂದು ನನ್ನ ಎಣಿಕೆ.