ಅಂತರ್ಜಲ ಶೋಧನೆ: ಕವಲು ಕಡ್ಡಿಯಿಂದ ಉಪಗ್ರಹದವರೆಗೆ



ನಮ್ಮ ಶಿರವಾಳಕ್ಕೆ ಬಂದವರು ಹಳೇ ಗುಡಿ, ಶಾಸನ ನೋಡಿಕೊಂಡು ಹೋಗುತ್ತಾರೆ. ಒಕ್ಕಲುತನ ಮಾಡುವ ನಮಗೆ ಮಾತ್ರ ನೆಲದೊಳಗಿನ ನೀರಿನದೇ ಚಿಂತೆ. ಆ ನೀರು ಹುಡುಕಿದ ಚರಿತ್ರೆಯನ್ನು ಈ ಬೆಳ್ಳಿಹಬ್ಬದ ಸಂಚಿಕೆಗೆ ಬರೆಯಬೇಕೆಂದು ಮಿತ್ರರು ಒತ್ತಾಯಿಸಿದ್ದರಿಂದ ಈ ನಾಲ್ಕು ಮಾತು.

ಹಿಂದೆ ನೀರು ನೋಡುವವರೆಂದರೆ ಬೇವಿನ ಕವಲು ಕಡ್ಡಿ ಹಿಡಿದವರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತಿರುಗುವವರು. ಹಿರಿಯರು ಹಳ್ಳದ ದಂಡೆ, ಅತ್ತಿ ಗಿಡ, ಹುತ್ತ ನೋಡಿ ತಾವೂ ಅಂದಾಜು ಕಟ್ಟುತ್ತಿದ್ದರು. ಬಾವಿ ತೋಡುವ ಕಾಲಕ್ಕೆ ಅದು ನಡೆಯಿತು. ಬೋರಿನ ಕಾಲ ಬಂದ ಮೇಲೆ ಲೆಕ್ಕವೇ ಬೇರೆಯಾಯಿತು. ಬಾವಿ ತಪ್ಪಿದರೆ ಬೆವರು ಹೋಗುತ್ತಿತ್ತು, ಬೋರು ತಪ್ಪಿದರೆ ಹೊಲವೇ ಹೋಗುವ ಪ್ರಸಂಗ. ಬರೀ ಧೂಳು ಬಂದರೂ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ. ನಿರ್ದೇಶಕರಾಗಿ ನಾವು ಈ ವಿಷಯ ಹಿಡಿದು ಕೂತಿದ್ದು ಅದಕ್ಕೇ.

1986ರಲ್ಲಿ ಕೇಂದ್ರ ಸರಕಾರ ಕುಡಿಯುವ ನೀರಿನ ತಂತ್ರಜ್ಞಾನ ಮಿಷನ್ ಆರಂಭಿಸಿತು. ಆಗ ಇಸ್ರೊದವರು ಉಪಗ್ರಹ ಚಿತ್ರಗಳಿಂದ ದೇಶದ ಜಿಲ್ಲೆಗಳಿಗೆಲ್ಲ ಅಂತರ್ಜಲದ ನಕ್ಷೆ ತಯಾರಿಸಲು ಕೈ ಹಾಕಿದರು. 1988ರ ಮಾರ್ಚ್ 17ರಂದು ನಮ್ಮದೇ ದೇಶದ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ರಷ್ಯದವರ ರಾಕೆಟ್ಟಿನಲ್ಲಿ ಬೈಕನೂರಿನಿಂದ ಮೇಲೇರಿತು. ಇಸ್ರೊ ಅಧ್ಯಕ್ಷರಾಗಿದ್ದವರು ಉಡುಪಿ ಹತ್ತಿರದ ಅದಮಾರಿನ ಯು. ಆರ್. ರಾವ್ ಅವರು. ಅದರ ಒಂದು ಕ್ಯಾಮೆರಾದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ಎಪ್ಪತ್ತೆರಡೂವರೆ ಮೀಟರಿನ ಚೌಕ, ಅಂದರೆ ನಮ್ಮ ಲೆಕ್ಕದಲ್ಲಿ 1 ಎಕರೆ 12 ಗುಂಟೆ. ಇನ್ನೊಂದರಲ್ಲಿ ಸುಮಾರು 13 ಗುಂಟೆ. 1995ರ ಐ.ಆರ್.ಎಸ್.-1ಸಿ ಬಂದ ಮೇಲೆ ಬಣ್ಣದ ಚಿತ್ರದ ಚುಕ್ಕೆ ಐದೂವರೆ ಗುಂಟೆಗೆ ಇಳಿಯಿತು. ಮುಂದೆ ರಾಜೀವ್ ಗಾಂಧಿ ಕುಡಿಯುವ ನೀರಿನ ಮಿಷನ್ ಅಡಿ ಇನ್ನೂ ಸೂಕ್ಷ್ಮವಾದ ನಕ್ಷೆಗಳಾದವು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಆಕಾಶದಿಂದ ನೆಲದೊಳಗಿನ ನೀರು ಕಾಣುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಹಂಗಲ್ಲ. ಕಾಣುವುದು ನೆಲದ ಮೇಲ್ಮೈ ಮಾತ್ರ. ಕಲ್ಲು ಸೀಳಿದ ಕಡೆ ಹಳ್ಳ ಗೆರೆ ಎಳೆದಂತೆ ನೆಟ್ಟಗೆ ಹರಿಯುತ್ತದೆ, ಗಿಡಗಂಟಿ ಸಾಲಾಗಿ ಬೆಳೆಯುತ್ತದೆ. ಚಿತ್ರದಲ್ಲಿ ಹಸಿರನ್ನು ಕೆಂಪಾಗಿ ತೋರಿಸುವುದರಿಂದ ಬೇಸಿಗೆಯಲ್ಲೂ ಕೆಂಪಗಿರುವ ಜಾಗ ಎದ್ದು ಕಾಣುತ್ತದೆ. ಇಂಥ ಎರಡು ಸೀಳು ಒಂದನ್ನೊಂದು ಹಾಯ್ದ ಕಡೆ ನೀರು ನಿಂತಿರುವ ಸಂಭವ ಹೆಚ್ಚು. ಹಿರಿಯರು ಹಳ್ಳ, ಗಿಡ ನೋಡಿ ಹೇಳುತ್ತಿದ್ದುದೂ ಇದರ ಹತ್ತಿರದ್ದೇ ಅಲ್ಲವೇ!

ನಮ್ಮ ಶಹಾಪುರ ತಾಲೂಕು ಎರಡು ಜಾತಿ ಕಲ್ಲಿನ ಗಡಿ. ಶಹಾಪುರದ ಗುಡ್ಡ ಬೆಣಚು ಸೇರಿದ ಗಟ್ಟಿ ಕಲ್ಲು. ಅದರಲ್ಲಿ ಸೀಳು ಸಿಕ್ಕರೆ ನೀರು, ಇಲ್ಲದಿದ್ದರೆ ಇಲ್ಲ. ಗೋಗಿ ಕಡೆಗೆ ಸುಣ್ಣದಕಲ್ಲು, ಅಲ್ಲಿ ಪೂರ್ವ-ಪಶ್ಚಿಮವಾಗಿ ನೆಲ ಮುರಿದ ದೊಡ್ಡ ಗೆರೆಯೇ ಇದೆ. ಆದರೆ ಎರೆ ಹೊಲದಲ್ಲಿ ಕರಿ ಮಣ್ಣು ಕೆಳಗಿನ ಸೀಳನ್ನು ಕಂಬಳಿಯಂತೆ ಮುಚ್ಚಿಬಿಡುತ್ತದೆ. ನಾರಾಯಣಪುರ ಎಡದಂಡೆ ಕಾಲುವೆ ಹರಿದ ಕಡೆಯಂತೂ ಭತ್ತದಿಂದ ಎಲ್ಲವೂ ಕೆಂಪು. ಅದು ಕೃಷ್ಣೆಯ ನೀರು, ಬೋರಿನ ಗುರುತಲ್ಲ. ಹೀಗಾಗಿ ನಕ್ಷೆ ತೋರಿಸಿದ ಜಾಗದಲ್ಲಿ ಭೂವಿಜ್ಞಾನಿ ಬಂದು, ನೆಲಕ್ಕೆ ಕರೆಂಟು ಹರಿಸಿ ರೆಸಿಸ್ಟಿವಿಟಿ ಸರ್ವೆ ಮಾಡಿದ ಮೇಲೆಯೇ ಗುರುತು ಹಾಕಬೇಕು.

ನಕ್ಷೆ ನೋಡಿ ಕೊರೆದ ಬೋರುಗಳಲ್ಲಿ ಶೇ. 90ಕ್ಕೂ ಹೆಚ್ಚು ಸಫಲವೆಂದು ಇಸ್ರೊ ಲೆಕ್ಕ. ಸುಳ್ಳೆನ್ನುವುದಿಲ್ಲ, ಆದರೆ ಅವು ಕುಡಿಯುವ ನೀರಿನ ಯೋಜನೆಯವು. ಕೈಪಂಪಿಗೆ ಸಾಕಾಗುವ ನೀರು ಎರಡೆಕರೆ ಹತ್ತಿಗೆ ಸಾಲುತ್ತದೆಯೇ?

ನೀರಿನ ಗುಣವನ್ನೂ ಉಪಗ್ರಹ ಹೇಳುವುದಿಲ್ಲ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರಿನ ನೀರಿಗೆ ಕೊರತೆ ಇರಲಿಲ್ಲ, ಆದರೆ ಅದರಲ್ಲಿ ಆರ್ಸೆನಿಕ್ ವಿಷವಿತ್ತು. ಜನರ ಚರ್ಮಕ್ಕೆ ರೋಗ ಬಂದ ಮೇಲೆಯೇ ಅದು ಊರಿಗೆಲ್ಲ ತಿಳಿದದ್ದು.

ಇಂದು ಇಸ್ರೊದ ಭುವನ್ ತಾಣದಲ್ಲಿ ಈ ನಕ್ಷೆಗಳನ್ನು ಯಾರಾದರೂ ನೋಡಬಹುದು. ತೆಂಗಿನಕಾಯಿ ಬ್ಯಾಡ ಅಂತ ನಾವು ಅನ್ನುವುದಿಲ್ಲ, ಪೂಜೆಗೆ ಇರಲಿ. ಬೋರಿನ ಸಾಲ ಕೇಳುವವರು ಪಹಣಿ ಜೊತೆ ಭೂವಿಜ್ಞಾನಿಯ ಸರ್ವೆ ವರದಿಯನ್ನೂ ಲಗತ್ತಿಸಬೇಕು, ಸರ್ವೆ ಖರ್ಚನ್ನು ಸಾಲದಲ್ಲೇ ಸೇರಿಸಬೇಕು ಎಂಬ ಸೂಚನೆಯನ್ನು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ನಾವು ಮಂಡಿಸಲಿದ್ದೇವೆ. ಸದಸ್ಯರು ತಪ್ಪದೇ ಬಂದು ಬೇಕು-ಬ್ಯಾಡ ಹೇಳಬೇಕಾಗಿ ವಿನಂತಿ.