ಆತಕೂರಿನ ಕಾಳಿ ಮತ್ತು ನಮ್ಮನೆ ಚಿಗರಿ

"ಈ ನಾಯಿಗೆ ಬುದ್ಧಿ ಬರೋಲ್ಲ ಬಿಡಿ ಸಾರ್. ಹಳ್ಳೀಲಿ ತೋಟ ಇರೋರಿಗೆ ಯಾರಿಗಾದ್ರೂ ಕೊಟ್ಬಿಡಿ."

ಹೀಗೆ ಹೇಳಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಹೇಳಿದ್ದು ಸಂಜಯನಗರದ ನಮ್ಮ ಕ್ರಾಸಿನಲ್ಲಿ, ಬೆಳಗ್ಗೆ ಆರೂವರೆಗೆ. ಆಗ ನನ್ನ ಕೈಯಲ್ಲಿ ಬೆಲ್ಟು ಇತ್ತು, ಬೆಲ್ಟಿನ ತುದಿಯಲ್ಲಿ ನಾಯಿ ಇರಲಿಲ್ಲ. ಅಳಿಲೊಂದನ್ನು ಕಂಡದ್ದೇ ತಡ, ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡು ಓಡಿತ್ತು. ಮುಖ್ಯರಸ್ತೆಯಲ್ಲಿ ಒಂದು ಆಟೋ ಕಿರ್ರ್ ಅಂತ ನಿಂತ ಸದ್ದು ಕೇಳಿ ನನ್ನ ಜೀವ ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ಆಟೋದವರ ಬೈಗುಳ ನನಗೆ, ಬಾಲ ಅಲ್ಲಾಡಿಸುವ ಕೆಲಸ ಅದಕ್ಕೆ.

ನಮ್ಮ ನಾಯಿ ಮುಧೋಳದ್ದು. ವಯಸ್ಸು ಆಗ ಹತ್ತು ತಿಂಗಳು. ಹೆಸರು ಚಿಗರಿ. ಉತ್ತರ ಕರ್ನಾಟಕದ ಮಾತಿನಲ್ಲಿ ಚಿಗರಿ ಅಂದರೆ ಜಿಂಕೆ. ಹೆಸರಿಟ್ಟವಳು ಮಗಳು. ಬೇಟೆನಾಯಿಗೆ ಬೇಟೆಯ ಹೆಸರನ್ನೇ ಇಟ್ಟಿದ್ದೀವಲ್ಲ ಅಂತ ಹೊಳೆದದ್ದು ಆಮೇಲೆ :)

ಆವತ್ತು ಸಿಟ್ಟಿನಲ್ಲೇ ಮನೆಗೆ ಬಂದೆ. ಕೊಟ್ಟುಬಿಡೋಣ ಅಂತ ಮನೆಯಲ್ಲಿ ಹೇಳಿಯೂ ಆಯಿತು. ಮಗಳು ಮಾತಾಡಲಿಲ್ಲ. ಮಧ್ಯಾಹ್ನ ಕುಳಿತು ಯೋಚಿಸುತ್ತಿದ್ದಾಗ ನೆನಪಿಗೆ ಬಂದದ್ದು ಒಂದು ಕಲ್ಲು.

* * *

ಕಲ್ಲು ಅಂದರೆ ವೀರಗಲ್ಲು. ನಮ್ಮ ಪಕ್ಕದ ಹೆಬ್ಬಾಳದಲ್ಲೂ ಒಂದಿದೆ. 2018ರಲ್ಲಿ ನೆಲ ಅಗೆಯುವಾಗ ಸಿಕ್ಕಿದ ಕಿತ್ತಯ್ಯನ ಕಲ್ಲು. ಗಂಗರ ಶ್ರೀಪುರುಷನ ಕಾಲದ್ದು, ಅಂದರೆ ಸುಮಾರು ಕ್ರಿ.ಶ. 750. ರಟ್ಟವಾಡಿಯವರು ದಂಡೆತ್ತಿ ಬಂದಾಗ ಹೋರಾಡಿ ಸತ್ತವನು ಈ ಕಿತ್ತಯ್ಯ. ನಮ್ಮ ನಾಡಿನಲ್ಲಿ ಇಂಥ ಕಲ್ಲುಗಳಿಗೆ ಬರವಿಲ್ಲ. ತುರು ಕಾಯುತ್ತಾ ಸತ್ತವರು, ಊರು ಉಳಿಸುತ್ತಾ ಸತ್ತವರು, ಹುಲಿಯೊಂದಿಗೆ ಹೋರಾಡಿ ಸತ್ತವರು... ಎಲ್ಲರಿಗೂ ಒಂದೊಂದು ಕಲ್ಲು.

ಆದರೆ ನನಗೆ ನೆನಪಾದ ಕಲ್ಲು ಒಂದು ನಾಯಿಯದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಬಂದು ಸೇರಿದ್ದು. ನಿಮ್ಮಲ್ಲಿ ಕೆಲವರು ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ಹಾದುಹೋಗಿರಬಹುದು. ನಾನೂ ಹಾಗೇ ಹಾದುಹೋಗಿದ್ದವನು. ಎಷ್ಟೋ ವರ್ಷದ ಮೇಲೆ ಮತ್ತೆ ಹೋದಾಗಲೇ ನಿಂತು ನೋಡಿದ್ದು. ನಾಯಿ ಮತ್ತು ಹಂದಿ ಕಾದಾಡುವ ಚಿತ್ರ, ಅದರ ಸುತ್ತ ಹಳಗನ್ನಡದ ಸಾಲುಗಳು.

ಕಥೆ ಹೀಗಿದೆ. ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ತಕ್ಕೋಲ ಈಗಿನ ತಮಿಳುನಾಡಿನಲ್ಲಿದೆ. ಚೋಳ ಯುವರಾಜ ರಾಜಾದಿತ್ಯ ಸತ್ತದ್ದು ಅಲ್ಲೇ. ಕೃಷ್ಣನ ಪರವಾಗಿ ಹೋರಾಡಿದವನು ಅವನ ಭಾವ, ಗಂಗರ ಇಮ್ಮಡಿ ಬೂತುಗ. ಬೂತುಗನ ಕಡೆ ಮಣಲೇರ ಎಂಬ ವೀರನಿದ್ದ. ಅವನ ಸಾಹಸಕ್ಕೆ ಮೆಚ್ಚಿ ಬೂತುಗ, ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು!

ರಾಜ ಮೆಚ್ಚಿ ಕೇಳು ಅಂದಾಗ ಜನ ಊರು ಕೇಳುತ್ತಾರೆ, ಗದ್ದೆ ಕೇಳುತ್ತಾರೆ. ಮಣಲೇರನಿಗೆ ಊರುಗಳೂ ಸಿಕ್ಕಿದವು ಅನ್ನಿ, ಅದೂ ಅದೇ ಕಲ್ಲಿನಲ್ಲಿದೆ. ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು. ಆಮೇಲೆ ಕೆಳಲೆನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ ಹಂದಿಯನ್ನು ಕೊಂದಿತು, ಹಂದಿ ನಾಯಿಯನ್ನು ಕೊಂದಿತು. ಎರಡೂ ಒಟ್ಟಿಗೆ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗದ ಗದ್ದೆ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ ಉಣ್ಣಬಾರದು, ಉಂಡರೆ ನಾಯಿಯ ಪಾಪ ಅವನಿಗೆ ಅಂತಲೂ ಬರೆಸಿದರು.

ಈಗ ಇಂಟರ್ನೆಟ್ಟಿನಲ್ಲಿ ಕೆಲವರು ಕಾಳಿಯೂ ಮುಧೋಳದ ನಾಯಿಯೇ ಅಂತ ಬರೆಯುತ್ತಾರೆ. ಶಾಸನದಲ್ಲಿ ಹಾಗೆಲ್ಲ ಇಲ್ಲ. ನಮ್ಮ ಅಭಿಮಾನವನ್ನು ಕಾಳಿಯ ಕೊರಳಿಗೆ ಕಟ್ಟುವುದು ಬೇಡ.

ನನ್ನನ್ನು ಕಾಡಿದ್ದು ಬೇರೆ. ಕಾಳಿಯ ಸಾವು ಕಲ್ಲಿನಲ್ಲಿದೆ. ಅದು ಕಲಿತದ್ದು ಕಲ್ಲಿನಲ್ಲಿಲ್ಲ. ಹುಟ್ಟಿದ ದಿನವೇ ಯಾವ ನಾಯಿಯೂ ಹಂದಿಯ ಮೇಲೆ ಬೀಳುವುದಿಲ್ಲ. ಕಾಳಿಯೂ ಹತ್ತು ತಿಂಗಳ ಮರಿಯಾಗಿತ್ತು. ಅದೂ ಅಳಿಲಿನ ಹಿಂದೆ ಓಡಿರಬೇಕು, ಕರೆದರೆ ಬರದೆ ಯಾರದೋ ಹೊಟ್ಟೆ ಉರಿಸಿರಬೇಕು. ರಾಜನ ನಾಯಿಯನ್ನು ಸಾಕುತ್ತಿದ್ದ ಆಳು ಒಬ್ಬ ಇದ್ದೇ ಇದ್ದ. ಅವನ ಕೈಯಲ್ಲಿ ಎಷ್ಟು ಸಲ ಖಾಲಿ ಹಗ್ಗ ಉಳಿದಿತ್ತೋ! ಬೂತುಗನ ಹೆಸರಿದೆ, ಮಣಲೇರನ ಹೆಸರಿದೆ, ಕಾಳಿಯ ಹೆಸರಿದೆ. ಕಲಿಸಿದವನ ಹೆಸರಿಲ್ಲ.

* * *

ಬೇಟೆನಾಯಿ ಕಲಿಯುವುದು ಹೇಗೆ ಅಂತ ಓದುತ್ತಾ ಹೋದೆ. ಬೇಟೆನಾಯಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೂಗಿನಿಂದ ಬೇಟೆಯಾಡುವವು, ಕಣ್ಣಿನಿಂದ ಬೇಟೆಯಾಡುವವು.

ಅಮೆರಿಕದ ಕೂನ್‌ಹೌಂಡ್ ಮೊದಲನೆಯ ಬಗೆ. ರಕೂನ್ ಎಂಬ ಪ್ರಾಣಿಯನ್ನು ರಾತ್ರಿ ಹೊತ್ತು ವಾಸನೆ ಹಿಡಿದು ಅಟ್ಟುತ್ತದೆ. ರಕೂನ್ ಮರ ಹತ್ತಿದರೆ ಬುಡದಲ್ಲಿ ನಿಂತು, ಯಜಮಾನ ಬರುವವರೆಗೂ ಬೊಗಳುತ್ತದೆ. ಓಡುವಾಗಿನ ಬೊಗಳು ಬೇರೆ, ಮರದ ಕೆಳಗಿನ ಬೊಗಳು ಬೇರೆ. ಕತ್ತಲಲ್ಲಿ ದೂರ ನಿಂತವನು ಅದನ್ನು ಕೇಳಿಯೇ ನಾಯಿ ಎಲ್ಲಿದೆ, ಏನು ಮಾಡುತ್ತಿದೆ ಅಂತ ತಿಳಿಯುತ್ತಾನೆ. ಆದರೆ ಎಳೆಯ ನಾಯಿಗೆ ಇದೆಲ್ಲ ಒಂದೇ ಸಲಕ್ಕೆ ಬರುವುದಿಲ್ಲ. ರಕೂನ್ ಬಿಟ್ಟು ಜಿಂಕೆಯ ಹಿಂದೆ ಹೋಗುತ್ತದೆ. ಏನೂ ಇಲ್ಲದ ಮರದ ಕೆಳಗೆ ನಿಂತು ಗಂಟಲು ಹರಿದುಕೊಳ್ಳುತ್ತದೆ. ನಡುರಾತ್ರಿ ಚಳಿಯಲ್ಲಿ ಹಳ್ಳ ದಾಟಿ ಹೋದವನಿಗೆ ಸಿಗುವುದು ಬೋಳು ಮರ. ಅಂಥ ನಾಯಿಯನ್ನು ಅನುಭವಿ ನಾಯಿಯ ಜೊತೆ ಮತ್ತೆ ಮತ್ತೆ ಕಾಡಿಗೆ ಬಿಟ್ಟು ಕಲಿಸುತ್ತಾರೆ. ಮುಗಿಯುವುದು ವಾರದಲ್ಲಲ್ಲ, ಒಂದೆರಡು ಚಳಿಗಾಲಗಳೇ ಹೋಗುತ್ತವೆ.

ಮುಧೋಳದ್ದು ಎರಡನೆಯ ಬಗೆ. ಉದ್ದ ಕಾಲು, ಒಳಸರಿದ ಹೊಟ್ಟೆ, ಕಿರಿದಾದ ತಲೆ. ತಲೆಗಿಂತ ಕುತ್ತಿಗೆಯೇ ದಪ್ಪ, ಹಾಗಾಗಿಯೇ ನಮ್ಮ ಕೊರಳಪಟ್ಟಿ ಸಲೀಸಾಗಿ ಜಾರಿದ್ದು. ಬಯಲುಸೀಮೆಯ ತೆರೆದ ಹೊಲಗಳಲ್ಲಿ ಮೊಲ ಎದ್ದದ್ದು ಕಂಡರೆ ಬಾಣದ ಹಾಗೆ ಹೋಗುತ್ತದೆ. ಅಲ್ಲಿ ಯಜಮಾನನ ಅಪ್ಪಣೆಗೆ ಕಾಯುತ್ತಾ ಕೂತರೆ ಮೊಲ ಸಿಕ್ಕುವುದಿಲ್ಲ. ನೂರಾರು ವರ್ಷ ಜನ ಆರಿಸಿ ಆರಿಸಿ ಬೆಳೆಸಿದ್ದು ಈ ಗುಣವನ್ನೇ. ನಾನು "ಬುದ್ಧಿಯಿಲ್ಲ" ಅಂದುಕೊಂಡದ್ದು ಅದರ ಕಸುಬು!

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಧೋಳ ಸಂಸ್ಥಾನವನ್ನು ಆಳಿದ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳನ್ನು ಅರಮನೆಗೆ ತಂದು ತಳಿ ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು ಎಂಬ ಕಥೆಯನ್ನು ಆ ಕಡೆಯವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಅರಮನೆಗೆ ಬರುವ ಮೊದಲೇ ಇವು ಅಲ್ಲಿನ ಬೇಡರ, ಕುರುಬರ, ರೈತರ ಜೊತೆ ಇದ್ದವು. ಅಲ್ಲೂ ಅದೇ ಕಥೆ. ರಾಜರ ಹೆಸರು ಉಳಿಯಿತು, ಸಾಕಿದವರ ಹೆಸರು ಉಳಿಯಲಿಲ್ಲ.

1948ರಲ್ಲಿ ಸಂಸ್ಥಾನ ಹೋಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆಯೂ ಹೋಯಿತು. ಹೋಗಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬೇಟೆಗೆಂದೇ ಹುಟ್ಟಿದ ನಾಯಿಗೆ ಕಾಯ್ದೆ ಓದಿ ಹೇಳುವವರು ಯಾರು? 2005ರ ಜನವರಿಯಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಐದು ರೂಪಾಯಿಯ ಅಂಚೆಚೀಟಿ ತಂದಿತು. ಆಮೇಲೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಶುರುವಾಯಿತು. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೈಕೆಳಗಿನದು. ನಮ್ಮ ಹೆಬ್ಬಾಳದ ವೆಟರ್ನರಿ ಕಾಲೇಜೂ ಅದೇ ವಿಶ್ವವಿದ್ಯಾಲಯದ್ದು.

2016ರಲ್ಲಿ ತಿಮ್ಮಾಪುರದ ಮರಿಗಳು ಮೀರತ್‌ನಲ್ಲಿರುವ ಸೇನೆಯ ಕೇಂದ್ರಕ್ಕೆ ತರಬೇತಿಗೆ ಹೋದವು. ಅಲ್ಲಿಯವರೆಗೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳದೇ ರಾಜ್ಯ. ಕಣ್ಣಿನ ನಾಯಿಗೆ ಮೂಗಿನ ಕೆಲಸ ಹೇಗೆ ಬರುತ್ತೆ ಅನ್ನುವ ಅನುಮಾನ ಸಹಜವೇ. ಅದಕ್ಕೆ ಉತ್ತರ ಬೇರೊಂದು ಪಡೆಯಿಂದ ಬಂತು. 2024ರಲ್ಲಿ ಲಖನೌನಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ಹೆಣ್ಣುನಾಯಿ, ನೂರಕ್ಕೂ ಹೆಚ್ಚು ವಿದೇಶಿ ತಳಿಯ ನಾಯಿಗಳನ್ನು ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದಿತು. ಗೆದ್ದದ್ದು ಓಟದಲ್ಲಲ್ಲ, ಜಾಡು ಹಿಡಿಯುವುದರಲ್ಲಿ. ಮೂಗಿನ ಕೆಲಸದಲ್ಲಿ!

ಪೇಪರಿನಲ್ಲಿ ರಿಯಾಳ ಫೋಟೋ ಬಂತು. ಅದಕ್ಕೆ ಕಲಿಸಿದವರು ಎಷ್ಟು ಬೆಳಗಿನ ಜಾವ ಸೋತು ವಾಪಸ್ ಬಂದಿದ್ದರೋ, ಅದು ಯಾವ ಫೋಟೋದಲ್ಲಿ ಬರುತ್ತೆ ಹೇಳಿ.

* * *

ಇನ್ನು ನಮ್ಮ ಚಿಗರಿಯ ವಿಷಯ. ಮೊದಲು ಒಬ್ಬ ತರಬೇತಿದಾರರನ್ನು ಕರೆಸಿದ್ದೆ. ಅವರು ಬಿಗಿಯುವ ಸರಪಳಿ ಹಾಕಿ, ಗದರಿ, ಎಳೆದು ಕಲಿಸುವವರು. ಮೂರನೆಯ ದಿನಕ್ಕೆ ಚಿಗರಿ ಸೋಫಾ ಹಿಂದೆ ಸೇರಿಕೊಂಡಿತು. ಎರಡು ದಿನ ಊಟ ಬಿಟ್ಟಿತು. "ಈ ಜಾತಿಗೆ ಕಲಿಸೋಕಾಗಲ್ಲ" ಅಂದು ಅವರು ಹೋದರು. ತಪ್ಪು ಅವರದಷ್ಟೇ ಅಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿದ ನನ್ನದೂ ಹೌದು.

ಕೊನೆಗೆ ಮರಿ ಕೊಟ್ಟ ಅಜ್ಜನಿಗೇ ಫೋನು ಮಾಡಿದೆ. ಮುಧೋಳದ ಕಡೆಯ ರೈತರು, ಮನೆತುಂಬ ನಾಯಿ ಸಾಕಿದವರು.

"ಅಜ್ಜಾರ, ಇದು ಕರದ್ರ ಬರೂದೇ ಇಲ್ಲರೀ" ಅಂದೆ, ನನಗೆ ಬಂದ ಹಾಗೆ ಅವರ ಮಾತಿನಲ್ಲಿ.

ಅವರು ನಕ್ಕರು. "ಅದು ಕೇಳಂಗಿಲ್ಲ ಅಂತ ಅಲ್ಲೋ ತಮ್ಮಾ. ಅದರ ಕಣ್ಣು ಮೊದಲ ಓಡತೈತಿ, ಕಾಲು ಅದರ ಹಿಂದ ಹೊಕ್ಕಾವು. ಕಿವಿ ಮನಿಯಾಗ ಉಳೀತೈತಿ. ಓಡಿದ ಮ್ಯಾಲ ಕರದ್ರ ಏನ್ ಬಂತು? ಓಡೂಕಿಂತ ಮೊದಲ ನಿನ್ನ ಕಡೆ ನೋಡೂದು ಕಲಿಸು. ಬೈಬ್ಯಾಡ. ಒಮ್ಮೆ ಮನಸು ಮುರೀತಂದ್ರ ಇವು ಮತ್ತ ಹತ್ತರ ಬರಂಗಿಲ್ಲ."

ಸರಿ, ಜಾರದ ಅಗಲ ಪಟ್ಟಿ ತಂದೆ. ಸರಪಳಿ ಎಸೆದೆ. ದಿನವೂ ಸಂಜೆ ಮನೆಯೊಳಗೆ ಚಪಾತಿ ಚೂರು ಬಚ್ಚಿಟ್ಟು ಹುಡುಕಿಸುವ ಆಟ. ಮೊದಲ ವಾರ ಅದು ಹುಡುಕಲೇ ಇಲ್ಲ, ನನ್ನ ಕೈಯನ್ನೇ ನೋಡುತ್ತಾ ನಿಂತಿತು. ಎರಡನೆಯ ವಾರ ಮೂಗು ನೆಲಕ್ಕೆ ಬಂತು. ಮೂರನೆಯ ವಾರ ಬಾಗಿಲ ಸಂದಿಯ ಚೂರು ಸಿಕ್ಕಿತು, ಮಗಳು ಚಪ್ಪಾಳೆ ಹೊಡೆದಳು. ಇನ್ನೇನು ಗೆದ್ದೆ ಅಂದುಕೊಂಡು ಮಾರನೇ ದಿನ ಪಾರ್ಕಿನ ಹತ್ತಿರ ಕರೆದುಕೊಂಡು ಹೋದರೆ, ಬೆಕ್ಕು ಕಂಡು ನನ್ನನ್ನೇ ದರದರ ಎಳೆದುಕೊಂಡು ಹೋಯಿತು. ಮಂಡಿ ತರಚಿತು. ಮತ್ತೆ ಮೊದಲಿನಿಂದ ಶುರು.

ಹೀಗೇ ನಾಲ್ಕು ತಿಂಗಳು. ಹೋದ ವಾರ ಅದೇ ಕ್ರಾಸಿನಲ್ಲಿ, ಅದೇ ಕಾಂಪೌಂಡಿನ ಮೇಲೆ ಅಳಿಲು ಬಂತು. ಚಿಗರಿಯ ಮೈ ಬಿಗಿಯಿತು. ಮುಂಗಾಲು ಎತ್ತಿತು. ನಾನು ಉಸಿರು ಹಿಡಿದು ನಿಂತೆ. ಒಂದು ಗಳಿಗೆ... ತಲೆ ತಿರುಗಿಸಿ ನನ್ನ ಮುಖ ನೋಡಿತು. ಅಷ್ಟೇ.

ಮಾರನೇ ದಿನ ಮತ್ತೆ ಎಳೆಯಿತು, ಅದು ಬೇರೆ ಮಾತು. ಆದರೆ ಆ ಒಂದು ನೋಟ ಸಿಕ್ಕಿದ ಮೇಲೆ ಕೊಟ್ಟುಬಿಡುವ ಮಾತು ಮನೆಯಲ್ಲಿ ಎದ್ದಿಲ್ಲ.

ಅವತ್ತೇ ಅನ್ನಿಸಿತು, ಮಣಲೇರ ಊರು ಬಿಟ್ಟು ನಾಯಿಯನ್ನೇ ಯಾಕೆ ಕೇಳಿದ ಅಂತ. ಊರನ್ನು ರಾಜ ಒಂದು ಮಾತಿನಲ್ಲಿ ಕೊಟ್ಟುಬಿಡಬಹುದು. ಕಲಿತ ನಾಯಿಯನ್ನು ಹಾಗೆ ಹುಟ್ಟಿಸಲು ರಾಜನಿಗೂ ಆಗದು. ಅದರ ಹಿಂದೆ ಯಾರದೋ ವರ್ಷಗಳು ಹೋಗಿರುತ್ತವೆ. ಮುಂದಿನ ಸಲ ಕಸ್ತೂರಬಾ ರಸ್ತೆಗೆ ಹೋದರೆ ಆ ಕಲ್ಲಿನ ಮುಂದೆ ಒಂದು ನಿಮಿಷ ನಿಲ್ಲಿ. ಕಾಳಿಗೆ ಕೈ ಮುಗಿಯಿರಿ, ಹೆಸರಿಲ್ಲದ ಆ ಆಳಿಗೂ ಒಂದು ಮುಗಿಯಿರಿ.

ನಿಮ್ಮೂರಿನಲ್ಲಿ ಇಂಥ ನಾಯಿಗಲ್ಲು ಇದ್ದರೆ, ಅಥವಾ ನಿಮ್ಮಜ್ಜ ಬೇಟೆನಾಯಿ ಪಳಗಿಸುತ್ತಿದ್ದ ಕಥೆ ಗೊತ್ತಿದ್ದರೆ ಬರೆಯಿರಿ. ಕಲ್ಲಿನಲ್ಲಿ ಇಲ್ಲದ್ದು ನಮ್ಮ ಬ್ಲಾಗುಗಳಲ್ಲಾದರೂ ಇರಲಿ.